ಗೌರಿಯ ಗದ್ದ, ಕಾಲುವೆಯ ಬಸವನಹುಳು

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ನಟ್ಟಿ ಮುಗಿದಿದೆ, ತೋಟಕ್ಕೆ ಬೋರ್ಡೋ ಹೊಡೆಯೋ ಹಾಗಿಲ್ಲ. ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದ ಒಂದು ವಿಷಯ ಇವತ್ತು ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ. ದನ ಸಾಕಿದವರು, ಗದ್ದೆ ಇರೋವರು ಪುರುಸೊತ್ತು ಮಾಡ್ಕೊಂಡು ಓದಿ. ನಾನು ಮಾಡಿದ ತಪ್ಪು ನೀವು ಮಾಡೋದು ಬೇಡ.

ಮೊದಲು ನಮ್ಮ ಜಾಗದ ನಕ್ಷೆ ಹೇಳ್ತೀನಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಮನೆ, ಕೊಟ್ಟಿಗೆ ದಿಬ್ಬದ ಮೇಲೆ. ಅದರ ಕೆಳಗೆ ಒಂದೂವರೆ ಎಕರೆ ಅಡಿಕೆ ತೋಟ. ಅದರ ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಎರಡು ಎಕರೆ ಗದ್ದೆ. ಕೊಟ್ಟಿಗೆ ತೊಳೆದ ನೀರು, ಗಂಜಲ, ನೀರಾಗಿ ಹೋದ ಸಗಣಿ ಎಲ್ಲಾ ಒಂದು ಕಲ್ಲು ಚರಂಡಿಯಲ್ಲಿ ಇಳಿದು ಗದ್ದೆ ಕಾಲುವೆಗೆ ಸೇರ್ತಿತ್ತು. ಅಪ್ಪ ಕಟ್ಟಿಸಿದ ಚರಂಡಿ. ಆ ನೀರು ಮೊದಲು ಬೀಳೋ ಗದ್ದೆಗೆ ನಾವು ಸಾರದ ಗದ್ದೆ ಅಂತಲೇ ಕರೀತೀವಿ. ಅಲ್ಲಿ ಗೊಬ್ಬರ ಹಾಕದಿದ್ರೂ ಭತ್ತ ಕಪ್ಪಗೆ ಏಳುತ್ತೆ. ಅದರ ಅಂಚಿನ ಹುಲ್ಲಂತೂ ಬೇಸಿಗೆ ಬರೋವರೆಗೂ ಹಸಿರು. ನಾನು ದಿನಾ ಅಲ್ಲೇ ಹುಲ್ಲು ಕೊಯ್ದು ದನಕ್ಕೆ ಹಾಕ್ತಿದ್ದೆ. ಕುಯ್ಲಾದ ಮೇಲೆ ದನ ಬಿಡ್ತಿದ್ದದ್ದೂ ಅದೇ ಗದ್ದೆಗೆ.

ಎರಡು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಗೌರಿ ಅಂತ ಒಂದು ಜರ್ಸಿ ಮಿಶ್ರತಳಿ ಹಸು ಇತ್ತು. ಹೊತ್ತಿಗೆ ನಾಲ್ಕು ಲೀಟರ್ ಹಾಲು ಕೊಡ್ತಿತ್ತು. ಮನೆ ಖರ್ಚು, ಮಗಳ ಕಾಲೇಜಿನ ಬಸ್ಸು ಎಲ್ಲಾ ಅದರ ಮೇಲೆ. ದೀಪಾವಳಿ ಕಳೆದ ಮೇಲೆ ಹಾಲು ಇಳಿಯೋಕೆ ಶುರುವಾಯ್ತು. ನಾಲ್ಕು ಇದ್ದದ್ದು ಮೂರು ಆಯ್ತು, ಆಮೇಲೆ ಎರಡು. ಮೈ ರೋಮ ಒರಟಾಯ್ತು, ಪಕ್ಕೆಲುಬು ಕಾಣಿಸ್ತು. ಸಗಣಿ ಒಂದು ದಿನ ಗಟ್ಟಿ, ಒಂದು ದಿನ ತೆಳು. ನಾನು ಅಂಗಡಿಯಿಂದ ಜಂತುಹುಳದ ಔಷಧಿ ತಂದು ಕುಡಿಸಿದೆ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಕುಡಿಸಿದೆ. ಏನೂ ಬದಲಾಗಲಿಲ್ಲ.

ಪುಷ್ಯದ ಹೊತ್ತಿಗೆ ಗದ್ದದ ಕೆಳಗೆ ಊತ ಕಾಣಿಸಿಕೊಂಡಿತು. ಸಂಜೆ ಮೇದು ಬಂದಾಗ ಒಂದು ಸಣ್ಣ ನೀರಿನ ಚೀಲ ಕಟ್ಟಿದ ಹಾಗೆ ಜೋತಾಡೋದು, ಮುಟ್ಟಿದ್ರೆ ಮೆತ್ತಗೆ. ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ಇಳಿದಿರೋದು. ಏನೋ ಕಚ್ಚಿರಬೇಕು ಅಂತ ನಾನು ಅರಿಶಿನ ಹಚ್ಚಿದೆ. "ಡಾಕ್ಟ್ರನ್ನ ಕರೀರಿ" ಅಂತ ನನ್ನ ಹೆಂಡತಿ ಎಂಟು ದಿನ ಹೇಳಿದಳು. ನಾನು ಕೇಳಲಿಲ್ಲ. ಇದು ಒಂದನೇ ತಪ್ಪು.

ಅದೇ ಹೊತ್ತಿಗೆ ಊರಲ್ಲಿ ಆಫ್ರಿಕನ್ ಬಸವನಹುಳುವಿನ ಗಲಾಟೆ. ನೀವೆಲ್ಲಾ ನೋಡಿರ್ತೀರಿ, ಅಂಗೈಯಗಲದ ದೊಡ್ಡ ಚಿಪ್ಪಿನ ಹುಳು. ಆ ಮಳೆಗಾಲದಲ್ಲಿ ನಮ್ಮ ತೋಟಕ್ಕೂ ಮೊದಲ ಸಲ ಬಂದಿತ್ತು. ಪಪ್ಪಾಯಿ, ಬಾಳೆ ಕಂದು, ವೀಳ್ಯದೆಲೆ, ತರಕಾರಿ ಯಾವುದನ್ನೂ ಬಿಡಲಿಲ್ಲ. ಇದು ನಮ್ಮ ದೇಶದ ಹುಳು ಅಲ್ಲ. ಪೂರ್ವ ಆಫ್ರಿಕಾದ್ದು. 1847ರಲ್ಲಿ ಬೆನ್ಸನ್ ಅನ್ನೋವರು ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದು ಬಿಟ್ಟಿದ್ದಂತೆ. ಅವರಿಗೆ ಚಿಪ್ಪು ಸಂಗ್ರಹಿಸೋ ಹುಚ್ಚು. ಅಲ್ಲಿಂದ ಗಿಡ, ಮಣ್ಣು, ಮರದ ಲಾರಿ ಜೊತೆ ಹಬ್ಬಿ ಹಬ್ಬಿ ಕೊಡಗಿನ ಶನಿವಾರಸಂತೆ ಕಡೆ ಕಾಫಿ ತೋಟದವರ ನಿದ್ದೆ ಕೆಡಿಸಿತು.

ಯಾರೋ ಹೇಳಿದ್ರು, ದನಕ್ಕೆ ರೋಗ ಬಂದಿರೋದು ಈ ಹುಳುವಿನಿಂದಲೇ ಅಂತ. ನಾನೂ ನಂಬಿದೆ. ರಾತ್ರಿ ಬ್ಯಾಟರಿ ಹಿಡಿದು ಬಕೆಟ್ಟುಗಟ್ಟಲೆ ಹೆಕ್ಕಿ ಉಪ್ಪು ನೀರಿಗೆ ಹಾಕಿದೆ. ಅಷ್ಟೇ ಮಾಡಿದ್ರೆ ನಷ್ಟ ಇರ್ಲಿಲ್ಲ. ಬಸವನಹುಳುವನ್ನೆಲ್ಲಾ ಮುಗಿಸಿಬಿಡ್ತೀನಿ ಅನ್ನೋ ಸಿಟ್ಟಲ್ಲಿ, ಬೋರ್ಡೋ ದ್ರಾವಣಕ್ಕೆ ಅಂತ ತಂದಿಟ್ಟಿದ್ದ ಮೈಲುತುತ್ತ ಅರ್ಧ ಕೆ.ಜಿ. ಕರಗಿಸಿ ಗದ್ದೆ ಕಾಲುವೆಗೂ ಅದರ ಕೊನೆಯ ಹೊಂಡಕ್ಕೂ ಸುರಿದೆ. ಇದು ಎರಡನೇ ತಪ್ಪು.

ಮರುದಿನ ಬೆಳಿಗ್ಗೆ ಹೋಗಿ ನೋಡಿದ್ರೆ ಬಸವನಹುಳು ಸತ್ತು ತೇಲ್ತಿದ್ದವು. ಜೊತೆಗೆ ಸಣ್ಣ ಮೀನು, ಸಿಗಡಿ, ಕಪ್ಪೆಮರಿ ಎಲ್ಲಾ ತೇಲ್ತಿದ್ದವು. ಮೈಲುತುತ್ತ ಬಸವನಹುಳುವನ್ನು ಕೊಲ್ಲುತ್ತೆ ಅನ್ನೋದು ನಿಜ. ಆದ್ರೆ ಮೀನಿಗೂ ಅದು ಕೆಟ್ಟ ವಿಷ. ಒಂದು ತಿಂಗಳೊಳಗೆ ಬಸವನಹುಳು ವಾಪಸ್ ಬಂದವು. ಮೀನು ಬರೋಕೆ ಒಂದು ಪೂರ್ತಿ ಮಳೆಗಾಲ ಬೇಕಾಯ್ತು. ಆ ಹೊಂಡಕ್ಕೆ ದಿನಾ ಬರ್ತಿದ್ದ ಮಿಂಚುಳ್ಳಿ ಅಷ್ಟು ದಿನ ಕಾಣಲೇ ಇಲ್ಲ.

ಕೊನೆಗೆ ಪಶುವೈದ್ಯರನ್ನು ಕರೆದೆ. ಚಿಕ್ಕ ವಯಸ್ಸಿನ ಹುಡುಗಿ, ಹೊಸದಾಗಿ ಬಂದವರು. ಗೌರಿಯ ಕಣ್ಣಿನ ಒಳರೆಪ್ಪೆ ತೆಗೆದು ನೋಡಿದ್ರು, ಕಾಗದದ ಹಾಗೆ ಬಿಳಿಚಿತ್ತು. ಗದ್ದದ ಊತ ಒತ್ತಿ ನೋಡಿದ್ರು. "ರಕ್ತ ಕಮ್ಮಿಯಾಗಿದೆ, ಮೈಯೊಳಗಿನ ಪ್ರೋಟೀನ್ ಸೋರಿ ಹೋಗಿದೆ. ಅದಕ್ಕೇ ನೀರು ಕೆಳಗಿಳಿದು ಗದ್ದದಲ್ಲಿ ನಿಲ್ಲುತ್ತೆ. ಸಗಣಿ ತನ್ನಿ" ಅಂದ್ರು.

ಆಸ್ಪತ್ರೆಗೆ ಸಗಣಿ ತಗೊಂಡು ಹೋದೆ. ಅವರು ಅದನ್ನು ನೀರಲ್ಲಿ ಕದಡಿ, ಜರಡಿ ಹಿಡಿದು, ತಳಕ್ಕೆ ಇಳಿಯೋಕೆ ಬಿಟ್ಟು, ಮೇಲಿನ ನೀರು ಚೆಲ್ಲಿ, ಮತ್ತೆ ನೀರು ಹಾಕಿ, ಹೀಗೆ ನಾಲ್ಕೈದು ಸಲ ಮಾಡಿದ್ರು. ಕೊನೆಗೆ ಉಳಿದ ಗಷ್ಟಕ್ಕೆ ಒಂದು ಹನಿ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನನಗೇ ತೋರಿಸಿದ್ರು. ನೀಲಿ ನೆಲದ ಮೇಲೆ ಹಳದಿ ಮೊಟ್ಟೆಗಳು, ಒಂದು ತುದಿಗೆ ಸಣ್ಣ ಮುಚ್ಚಳ. "ಇದು ಲಿವರ್ ಫ್ಲೂಕ್. ಈಲಿಯ ಎಲೆಹುಳು. ನೀವು ಕುಡಿಸಿದ್ದು ದುಂಡು ಹುಳಕ್ಕೆ ಕೊಡೋ ಔಷಧಿ, ಈ ಚಪ್ಪಟೆ ಹುಳಕ್ಕೆ ಅದು ತಾಗೋದೇ ಇಲ್ಲ" ಅಂದ್ರು.

ಸರಿಯಾದ ಔಷಧಿ ಕೊಟ್ರು, ಬಾಟಲಿ ಹಾಕಿದ್ರು. ಆದ್ರೆ ತಡವಾಗಿತ್ತು. ಮಾಘದ ಒಂದು ಬೆಳಿಗ್ಗೆ ಗೌರಿ ಏಳಲಿಲ್ಲ. ವೈದ್ಯರೇ ಬಂದು ಕೊಯ್ದು ನೋಡಿದ್ರು. ಈಲಿ ಗಟ್ಟಿಯಾಗಿ ಕಲ್ಲಿನ ಹಾಗಿತ್ತು. ಪಿತ್ತದ ನಾಳಗಳು ಬೆರಳು ಗಾತ್ರ ದಪ್ಪ ಆಗಿದ್ದವು, ಚೂರಿ ಹಾಕಿದಾಗ ಕರಕರ ಸದ್ದು. ಒಳಗಿಂದ ಬೂದು ಬಣ್ಣದ, ಉದ್ದನೆ ಎಲೆಯ ಹಾಗಿರೋ ಹುಳುಗಳು ಬಂದವು. ಒಂದೂವರೆ, ಎರಡು ಇಂಚು. ನನ್ನ ಅಂಗೈ ತುಂಬಿತು. ಹೆಂಡತಿ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ.

ಆ ದಿನ ನಾನು ವೈದ್ಯರನ್ನು ಕೇಳಿದೆ, "ಇದು ಆ ಆಫ್ರಿಕಾ ಹುಳದಿಂದ ಬಂತಾ?" ಅವರು ನನ್ನನ್ನು ಸೀದಾ ಗದ್ದೆ ಕಾಲುವೆಗೆ ಕರ್ಕೊಂಡು ಹೋದ್ರು. ಅಲ್ಲಿ ಮೂರು ಜಾತಿ ಬಸವನಹುಳು ಹೆಕ್ಕಿ ನನ್ನ ಕೈಯಲ್ಲಿಟ್ಟು ಪಾಠ ಮಾಡಿದ್ರು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಮಾರ್ಕ್ಸ್ ಹೇಳೋ ಹಾಗಿಲ್ಲ. ಆದ್ರೆ ಆ ಪಾಠ ಮಾತ್ರ ಮರೆತಿಲ್ಲ. ನಿಮಗೂ ಹೇಳ್ತೀನಿ, ಗದ್ದೆಗೆ ಹೋದಾಗ ನೋಡಿ.

ಒಂದನೇದು, ನಿಂಬೆಹಣ್ಣು ಗಾತ್ರದ ದುಂಡಗಿನ ಕಂದು ಬಸವನಹುಳು. ಮುಟ್ಟಿದ್ರೆ ಒಳಗೆ ಹೋಗಿ ಮುಚ್ಚಳ ಹಾಕ್ಕೊಳ್ಳುತ್ತೆ. ಇದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಬೇಸಿಗೆಯಲ್ಲಿ ಕೆಸರೊಳಗೆ ಹೂತು ಮುಚ್ಚಳ ಹಾಕಿ ತಿಂಗಳುಗಟ್ಟಲೆ ಮಲಗುತ್ತೆ. ಬಾಯಿಕಳಕ ಕೊಕ್ಕರೆಗೆ ಇದೇ ಊಟ. ಗೌರಿಯನ್ನು ತಿಂದ ಎಲೆಹುಳಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎರಡನೇದು, ಉಗುರಿನಷ್ಟು ಚಿಕ್ಕದು. ಚಿಪ್ಪು ತೆಳು, ಬೆಳಕಿಗೆ ಹಿಡಿದ್ರೆ ಒಳಗೆ ಕಾಣೋ ಹಾಗೆ. ಮುಚ್ಚಳ ಇಲ್ಲ. ಮೊನೆ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ಇಟ್ಟು ಹಿಡಿದ್ರೆ ಬಾಯಿ ಬಲಗಡೆ ತೆರೆದಿರುತ್ತೆ. ನೀರಿನ ಮಟ್ಟದಲ್ಲಿ ಎಲೆಗೆ, ಕಲ್ಲಿಗೆ ಅಂಟಿಕೊಂಡಿರುತ್ತೆ. ಲಿಮ್ನಿಯಾ ಅಂತ ಹೆಸರು. ಎಲೆಹುಳದ ಬಾಡಿಗೆ ಮನೆ ಇದೇ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತೆ. ಹಾಗಾಗಿ ಕೆಸರಲ್ಲಿ ಒಂದೇ ಒಂದು ಉಳಿದ್ರೂ ಸಂತಾನ ಮಾಡುತ್ತೆ. ನನ್ನ ಮೈಲುತುತ್ತ ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ಗೊತ್ತಾಯ್ತು.

ಮೂರನೇದು, ಟಗರಿನ ಕೊಂಬಿನ ಹಾಗೆ ಚಪ್ಪಟೆ ಸುತ್ತಿಕೊಂಡಿರೋದು. ಜಜ್ಜಿದ್ರೆ ಕೆಂಪು ರಕ್ತ ಬರುತ್ತೆ. ಇದರಲ್ಲಿ ಬೇರೆ ಹುಳಗಳ ಮರಿ ಬೆಳೆಯುತ್ತೆ. ದನದ ಮೊದಲ ಹೊಟ್ಟೆಯಲ್ಲಿ ಕಚ್ಚಿಕೊಳ್ಳೋ ದಪ್ಪ ಹುಳು, ಅದರ ಮರಿಗಳು ಕರುಗಳಿಗೆ ನಾರೋ ಭೇದಿ ತರ್ತವೆ. ಮತ್ತೆ ಗೊರಕೆ ರೋಗದ ಹುಳು, ದನದ ಮೂಗಿನ ರಕ್ತನಾಳದಲ್ಲಿ ಕೂತು ಒಳಗೆ ಗಂಟು ಬೆಳೆಸುತ್ತೆ, ದನ ಉಸಿರಾಡಿದ್ರೆ ಗೊರಕೆ ಹೊಡೆದ ಹಾಗೆ ಕೇಳುತ್ತೆ. ನಮ್ಮ ಅಜ್ಜನ ಕಾಲದಲ್ಲಿ ಗೊರಕೆ ಎತ್ತು ಅಂದ್ರೆ ಸಂತೆಯಲ್ಲಿ ಯಾರೂ ತಗೊಳ್ತಿರಲಿಲ್ಲ.

ಆಫ್ರಿಕಾದ ದೊಡ್ಡ ಹುಳು ನೆಲದ್ದು, ಅದರ ಕಥೆಯೇ ಬೇರೆ. ಅದರಲ್ಲಿ ಇಲಿಯ ಶ್ವಾಸಕೋಶದ ಹುಳದ ಮರಿ ಇರಬಹುದು. ಇಲಿ ಹಿಕ್ಕೆಯಿಂದ ಬಸವನಹುಳಕ್ಕೆ, ಅದನ್ನು ತಿಂದ ಇಲಿಗೆ ಮತ್ತೆ. ಆ ಮರಿ ಅಪ್ಪಿತಪ್ಪಿ ಮನುಷ್ಯರ ಹೊಟ್ಟೆಗೆ ಹೋದ್ರೆ ಮಿದುಳಿನ ಪೊರೆ ಊದಬಹುದು. ಅದಕ್ಕೇ ಬರಿಗೈಯಲ್ಲಿ ಹೆಕ್ಕಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಹಸಿ ಸೊಪ್ಪು ತರಕಾರಿ ಚೆನ್ನಾಗಿ ತೊಳೀರಿ. ನಾನು ಒಂದು ತಿಂಗಳು ಬರಿಗೈಯಲ್ಲೇ ಹೆಕ್ಕಿದ್ದೆ, ದೇವರು ದೊಡ್ಡವನು.

ಈಗ ಮುಖ್ಯ ವಿಷಯ. ಎಲೆಹುಳದ ಸುತ್ತು ಹೇಗೆ ಅಂತ ಕೇಳಿ. ದನದ ಈಲಿಯಲ್ಲಿರೋ ಹುಳು ಮೊಟ್ಟೆ ಇಡುತ್ತೆ, ಮೊಟ್ಟೆ ಪಿತ್ತದ ಜೊತೆ ಕರುಳಿಗೆ ಬಂದು ಸಗಣಿಯಲ್ಲಿ ಹೊರಗೆ ಬೀಳುತ್ತೆ. ಒಣ ನೆಲದಲ್ಲಿ ಬಿದ್ರೆ ಸಾಯುತ್ತೆ. ನೀರಿಗೆ ಬಿದ್ರೆ ಎರಡು ಮೂರು ವಾರದಲ್ಲಿ ಒಡೆದು ಕಣ್ಣಿಗೆ ಕಾಣದ ಮರಿ ಈಜಿಕೊಂಡು ಹೊರಗೆ ಬರುತ್ತೆ. ಅದಕ್ಕೆ ಒಂದು ದಿನದ ಆಯುಷ್ಯ. ಅಷ್ಟರೊಳಗೆ ಆ ಉಗುರಿನಷ್ಟು ಬಸವನಹುಳು ಸಿಗಬೇಕು, ಇಲ್ಲದಿದ್ರೆ ಸತ್ತಿತು. ಸಿಕ್ಕಿದ್ರೆ ಅದರ ಮೈಯೊಳಗೆ ಹೊಕ್ಕು ಒಂದು ನೂರಾರು ಆಗುತ್ತೆ. ಒಂದೂವರೆ ಎರಡು ತಿಂಗಳಾದ ಮೇಲೆ ಬಾಲ ಇರೋ ಮರಿಗಳಾಗಿ ಹೊರಗೆ ಈಜಿ, ನೀರಲ್ಲಿ ನಿಂತ ಹುಲ್ಲಿಗೆ, ಭತ್ತದ ಬುಡಕ್ಕೆ ಅಂಟಿ, ಬಾಲ ಉದುರಿಸಿ, ಸಣ್ಣ ಗುಳಿಗೆ ಹಾಗೆ ಕೋಶ ಕಟ್ಟಿ ಕೂರುತ್ತೆ. ದನ ಆ ಹುಲ್ಲು ತಿಂದ್ರೆ ಕರುಳು ತೂತು ಮಾಡಿ ಈಲಿಗೆ ಹೋಗುತ್ತೆ. ಅಲ್ಲಿ ವಾರಗಟ್ಟಲೆ ಮಾಂಸ ಕೊರೆದು ಕೊನೆಗೆ ಪಿತ್ತದ ನಾಳ ಸೇರುತ್ತೆ. 1880ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್, ಜರ್ಮನಿಯ ಲ್ಯೂಕಾರ್ಟ್ ಅನ್ನೋವರು ಬೇರೆ ಬೇರೆಯಾಗಿ ಇದರ ಸುತ್ತನ್ನು ಕಂಡುಹಿಡಿದ್ರಂತೆ. ಅವರು ನೋಡಿದ್ದು ಅಲ್ಲಿನ ಕುರಿಗಳ ಎಲೆಹುಳು. ನಮ್ಮಲ್ಲಿರೋದು ಅದರ ಅಣ್ಣ, ಇನ್ನೂ ದೊಡ್ಡದು.

ವೈದ್ಯರು ಇದಿಷ್ಟು ಹೇಳಿ ತಲೆ ಎತ್ತಿ ನಮ್ಮ ಕೊಟ್ಟಿಗೆ ಕಡೆ ನೋಡಿದ್ರು. ಅಲ್ಲಿಂದ ಚರಂಡಿ. ಚರಂಡಿಯಿಂದ ಕಾಲುವೆ. ಕಾಲುವೆಯಿಂದ ಸಾರದ ಗದ್ದೆ. ಗದ್ದೆ ಅಂಚಿಂದ ನಾನು ಕೊಯ್ದು ತರೋ ಹುಲ್ಲು. ಅವರು ಬೈಯಲಿಲ್ಲ. "ಬಸವನಹುಳು ಕಾಲುವೆ ಬಿಟ್ಟು ಕೊಟ್ಟಿಗೆಗೆ ಬರಲಿಲ್ಲ ಅಣ್ಣ, ನಾವೇ ಹೋಗಿ ಬರ್ತಿದ್ದೀವಿ" ಅಂದ್ರು. ಗೌರಿಯ ಹೊಟ್ಟೆಯಿಂದ ಬಿದ್ದ ಮೊಟ್ಟೆಯನ್ನು ನಾನೇ ದಿನಾ ನೀರು ಹಾಕಿ ಕಾಲುವೆಗೆ ಕಳಿಸಿದ್ದೆ. ಮರಿಯಾದ ಮೇಲೆ ನಾನೇ ಕುಡುಗೋಲು ಹಿಡಿದು ಹೊರೆ ಕಟ್ಟಿ ಅದರ ಬಾಯಿಗೆ ತಂದು ಕೊಟ್ಟಿದ್ದೆ. ಅಪ್ಪನ ಕಾಲದಲ್ಲಿ ನಾಲ್ಕು ಗಿಡ್ಡ ದನ, ಹಗಲೆಲ್ಲಾ ಬೆಟ್ಟದಲ್ಲಿ ಮೇಯ್ತಿದ್ದವು. ನಾನು ಮಿಶ್ರತಳಿ ತಂದು ಕೊಟ್ಟಿಗೆಯಲ್ಲೇ ಕಟ್ಟಿ, ಅಂಚಿನ ಹುಲ್ಲನ್ನೇ ನಂಬಿದೆ. ಚರಂಡಿ ಮಾತ್ರ ಹಳೇದೇ ಉಳೀತು.

ಇನ್ನೊಂದು ಮಾತು ಆ ದಿನವೇ ಹೊರಗೆ ಬಂತು. ಪ್ರತಿ ವರ್ಷ ನಟ್ಟಿ ಮಾಡುವಾಗ ಸಾರದ ಗದ್ದೆಗೆ ಇಳಿದ ಹೆಂಗಸರಿಗೆಲ್ಲಾ ಕಾಲು ತುರಿಕೆ. ಕೆಂಪು ಕೆಂಪು ಗುಳ್ಳೆ ಎದ್ದು ರಾತ್ರಿಯೆಲ್ಲಾ ನಿದ್ದೆ ಇಲ್ಲ. ನನ್ನ ಹೆಂಡತಿ ಮದುವೆಯಾಗಿ ಬಂದಾಗಿಂದ ಹೇಳ್ತಿದ್ದಳು. ಗಂಜಲದ ನೀರು, ತುರಿಸುತ್ತೆ, ಎಣ್ಣೆ ಹಚ್ಚು ಅಂತಿದ್ದೆ. ವೈದ್ಯರು ಹೇಳಿದ್ರು, ಟಗರುಕೊಂಬಿನ ಬಸವನಹುಳದಿಂದ ಹೊರಡೋ ದನದ ರಕ್ತದ ಹುಳದ ಮರಿಗಳು ದನದ ಚರ್ಮ ಅಂತ ತಿಳಿದು ಮನುಷ್ಯರ ಕಾಲಿಗೂ ಕೊರೀತವೆ, ಒಳಗೆ ಹೋಗಿ ಅಲ್ಲೇ ಸಾಯ್ತವೆ, ಅದಕ್ಕೇ ತುರಿಕೆ ಅಂತ. ಹೆಂಡತಿ ನನ್ನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷದ ತುರಿಕೆ ಆ ನೋಟದಲ್ಲಿತ್ತು.

ಆಮೇಲೆ ನಾವು ಮಾಡಿದ್ದು ಇಷ್ಟು.

ಚರಂಡಿ ಮುಚ್ಚಿದ್ವಿ. ಕೊಟ್ಟಿಗೆ ನೀರಿಗೆ ಸಿಮೆಂಟಿನ ಗುಂಡಿ ಮಾಡಿಸಿದ್ವಿ, ಅದು ಈಗ ತೋಟದ ಅಡಿಕೆ ಬುಡಕ್ಕೆ ಹೋಗುತ್ತೆ, ಕಾಲುವೆಗಲ್ಲ. ಸಗಣಿಯನ್ನು ಸೊಪ್ಪಿನ ಜೊತೆ ಗುಡ್ಡೆ ಹಾಕಿ, ಒಳಗೆ ಕೈ ಇಡೋಕೆ ಆಗದಷ್ಟು ಬಿಸಿಯೇರಿ ಹಣ್ಣಾದ ಮೇಲೆಯೇ ಗದ್ದೆಗೆ. ಆ ಬಿಸಿಗೆ ಮೊಟ್ಟೆ ಸಾಯುತ್ತೆ. ಹಸಿ ಸಗಣಿ ಗದ್ದೆಗೆ ಕದಡಿ ಬಿಡೋದು ಪೂರ್ತಿ ನಿಂತಿದೆ.

ಅಂಚಿನ ಹುಲ್ಲು ಕೊಯ್ಯೋದು ನೀರಿನ ಮಟ್ಟದಿಂದ ಒಂದು ಗೇಣು ಮೇಲೆ. ಭತ್ತ ಕುಯ್ಯುವಾಗ ಬುಡ ಬಿಟ್ಟು ಎತ್ತರಕ್ಕೆ ಕುಯ್ತೀವಿ, ಹುಲ್ಲನ್ನು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹರಡಿ ಆಮೇಲೆ ಗೊಣಬೆ ಹಾಕ್ತೀವಿ. ಆ ಕೋಶಗಳು ತೇವ ಇದ್ರೆ ತಿಂಗಳುಗಟ್ಟಲೆ ಬದುಕ್ತವೆ, ಒಣ ಬಿಸಿಲು ತಡೆಯಲ್ಲ. ಕುಯ್ಲಾದ ಸಾರದ ಗದ್ದೆಗೆ ದನ ಬಿಡೋದಿಲ್ಲ. ಕೊಟ್ಟಿಗೆಗೆ ದೂರದ, ಒಣಗಿದ ಗದ್ದೆಗೆ ಮಾತ್ರ.

ಕಾಲುವೆ ಅಂಚಿನ ಒಂದೆಲಗ ತಂದು ಹಸಿಯಾಗಿ ಅರೆದು ತಂಬುಳಿ ಮಾಡೋದು ಬಿಟ್ವಿ. ನೀರಂಚಿನ ಸೊಪ್ಪು ಹಸಿ ತಿಂದ್ರೆ ಈ ಎಲೆಹುಳು ಮನುಷ್ಯರ ಈಲಿಗೂ ಹೋಗಬಹುದಂತೆ. ಈಗ ಹಿತ್ತಲಲ್ಲಿ ಹಳೇ ಬಾನಿಗೆ ಮಣ್ಣು ತುಂಬಿ ಒಂದೆಲಗ ಬೆಳೆಸಿದ್ದೀವಿ, ತಂಬುಳಿ ತಪ್ಪಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಸಲ, ಕುಯ್ಲಾದ ಮೇಲೆ ಒಂದು ಸಲ ಸಗಣಿ ಪರೀಕ್ಷೆ. ಔಷಧಿ ವೈದ್ಯರು ಬರೆದಿದ್ದೇ, ಅಂಗಡಿಯವರು ಕೊಟ್ಟಿದ್ದಲ್ಲ. ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತಲೂ ಕೇಳ್ಕೊಳ್ಳಿ.

ಕಾಲುವೆಗೆ ವಿಷ ಹಾಕೋದಂತೂ ಇನ್ನು ಇಲ್ಲ. ಆರು ಬಾತುಕೋಳಿ ತಂದೆ, ಎರಡು ಮುಂಗುಸಿ ಪಾಲಾಯ್ತು, ನಾಲ್ಕು ಇವೆ. ಬಸವನಹುಳು ಹುಡುಕಿ ಹುಡುಕಿ ತಿಂತವೆ. ಇಂಡೋನೇಷ್ಯಾದ ಜಾವಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಯೋಗ ಮಾಡಿದ್ದಾರಂತೆ. ಬಾತುಕೋಳಿ ಗೂಡನ್ನು ಕೊಟ್ಟಿಗೆ ಚರಂಡಿ ಮೇಲೆಯೇ ಕಟ್ಟಿ, ಎರಡರ ಹಿಕ್ಕೆ ಸಗಣಿ ಬೆರೆತು ಗದ್ದೆಗೆ ಹೋಗೋ ಹಾಗೆ. ಬಾತಿನ ಹೊಟ್ಟೆಯಲ್ಲೂ ಒಂದು ಜಾತಿ ಚಪ್ಪಟೆ ಹುಳು ಇರುತ್ತೆ, ಅದರ ಮರಿಯೂ ಅದೇ ಬಸವನಹುಳಕ್ಕೆ ಹೋಗುತ್ತೆ, ಹೋಗಿ ದನದ ಎಲೆಹುಳದ ಮರಿಗಳನ್ನು ಒಳಗೇ ತಿಂದು ಹಾಕುತ್ತೆ. ಒಂದು ಹುಳದ ಹೊಟ್ಟೆಯೊಳಗೆ ಎರಡು ಹುಳದ ಜಗಳ! ನಾನು ಚರಂಡಿಯನ್ನೇ ಮುಚ್ಚಿದ್ದರಿಂದ ಅದನ್ನು ಮಾಡಿಲ್ಲ, ಆದ್ರೆ ಕೇಳಿ ಆಶ್ಚರ್ಯ ಆಯ್ತು. ಇನ್ನೊಂದು, ಮಿಂಚುಹುಳದ ಮರಿಗೂ ಬಸವನಹುಳುವೇ ಊಟ. ಮೈಲುತುತ್ತ ಸುರಿದ ವರ್ಷ ಕಾಲುವೆ ಮೇಲೆ ಮಿಂಚುಹುಳು ಕಮ್ಮಿ ಇತ್ತು ಅಂತ ಮಗಳು ಹೇಳ್ತಾಳೆ. ನಾನು ಗಮನಿಸಿರಲಿಲ್ಲ.

ಗೌರಿಯ ಕರು ತುಂಗೆ ಈಗ ಮೊದಲ ಕರು ಹಾಕಿದೆ. ಹೊತ್ತಿಗೆ ಮೂರೂವರೆ ಲೀಟರ್. ಮೇ ತಿಂಗಳಲ್ಲಿ ಸಗಣಿ ಪರೀಕ್ಷೆ ಮಾಡಿಸಿದ್ವಿ, ಮೊಟ್ಟೆ ಕಾಣಲಿಲ್ಲ. ಹಾಗಂತ ನಾನು ಗೆದ್ದೆ ಅಂತ ಹೇಳಲ್ಲ. ಯಾಕೆ ಅಂದ್ರೆ ನಮ್ಮ ಕಾಲುವೆಗೆ ನೀರು ಮೇಲಿನ ಮನೆಯವರ ಗದ್ದೆ ದಾಟಿ ಬರುತ್ತೆ. ಅವರ ಕೊಟ್ಟಿಗೆ ಚರಂಡಿ ಇನ್ನೂ ಅದೇ ಕಾಲುವೆಗೆ ಬಿಟ್ಟಿದೆ. ನಮ್ಮ ಚರಂಡಿ ನೀರು ಇಷ್ಟು ವರ್ಷ ಕೆಳಗಿನ ಮನೆಯವರ ಗದ್ದೆಗೆ ಹೋಗಿದೆ. ಅವರ ಎಷ್ಟು ದನಕ್ಕೆ ನಾನು ರೋಗ ಕಳಿಸಿದ್ದೀನೋ ಲೆಕ್ಕ ಇಟ್ಟವರಿಲ್ಲ.

ಹೋದ ತಿಂಗಳು ಮೇಲಿನ ಮನೆಗೆ ಹೋಗಿ ಮಾತಾಡಿದೆ. ಅವರ ಚರಂಡಿಯಿಂದ ಶುರು ಮಾಡಲಿಲ್ಲ. ಗೌರಿ ಕಥೆ ಹೇಳಿದೆ, ನನ್ನ ಚರಂಡಿ ಕಥೆ ಹೇಳಿದೆ. ಅವರ ಹಸುವೂ ಸೊರಗಿದೆ, ಆದ್ರೆ ಗದ್ದ ಊದಿಲ್ಲ. ಕೇಳಿದ್ರು, ತಲೆ ಅಲ್ಲಾಡಿಸಿದ್ರು, ಕಾಫಿ ಕೊಟ್ಟರು. ಮೊನ್ನೆ ಮಳೆಯಲ್ಲೇ ಬಂದು ನಮ್ಮ ಗುಂಡಿಯ ಅಳತೆ ತಗೊಂಡು ಹೋದ್ರು. ಮಳೆಗಾಲ ಮುಗೀಲಿ, ಕಲ್ಲು ಹೊರೋಕೆ ನಾನೂ ಹೋಗ್ತೀನಿ.

ನಿಮ್ಮ ಕೊಟ್ಟಿಗೆ ನೀರು ಎಲ್ಲಿಗೆ ಹೋಗುತ್ತೆ, ಇವತ್ತು ಮಳೆ ಬಿಟ್ಟಾಗ ಒಂದು ಸಲ ಅದರ ಹಿಂದೆ ನಡೆದು ನೋಡಿ. ಗದ್ದ ಊದಿದ ದನ ಇದ್ರೆ ಎಂಟು ದಿನ ಕಾಯಬೇಡಿ.